ದೀಕ್ಷಾಸ್ನಾನವಿಲ್ಲದೆ ರಕ್ಷಣೆ ಇಲ್ಲವೇ? ಅಬಿಲೀನ್‌ಗೆ ಬಂದ ತಂಗಿಗೆ ಉತ್ತರ

ಪ್ರಿಯ ತಂಗೀ,

ಮಂಗಳೂರಿನ ಬಾಸೆಲ್ ಮಿಶನ್ ಪ್ರೊಟೆಸ್ಟಂಟ್ ಮನೆತನದಲ್ಲಿ ಹುಟ್ಟಿ, ಮಗುವಾಗಿದ್ದಾಗಲೇ ದೀಕ್ಷಾಸ್ನಾನ ಪಡೆದು, ಬೆಳೆದ ಮೇಲೆ ಸಭೆಯ ಮುಂದೆ ನಂಬಿಕೆಯನ್ನು ತಾನೇ ಒಪ್ಪಿಕೊಳ್ಳುವ ದೃಢೀಕರಣವನ್ನೂ ಮುಗಿಸಿ, ಈಗ ಓದಲೆಂದು ಟೆಕ್ಸಾಸಿನ ಅಬಿಲೀನ್‌ಗೆ ಬಂದಿರುವ ನಿನಗೆ ಅಲ್ಲಿಯ ಚರ್ಚ್ ಆಫ್ ಕ್ರೈಸ್ಟ್ ಸಭೆಯವರು, ತಾನಾಗಿ ನಂಬಿ ನೀರಿನಲ್ಲಿ ಮುಳುಗಿ ಏಳದವರಿಗೆ ಪಾಪಕ್ಷಮೆಯಿಲ್ಲ ಎಂದಿದ್ದಾರೆ. ಹಾಗಾದರೆ ಇಷ್ಟು ದಿನ ರಕ್ಷಣೆಯಿಲ್ಲದೆ ಬದುಕಿದೆನೇ, ಈಗ ಮುಳುಗಬೇಕೇ, ಅಲ್ಲಿಯವರೆಗೆ ಅವರ ಕರ್ತನ ಭೋಜನದಲ್ಲಿ, ಅಂದರೆ ಯೇಸುವಿನ ನೆನಪಿನ ರೊಟ್ಟಿ-ದ್ರಾಕ್ಷಾರಸದಲ್ಲಿ, ಪಾಲುಗೊಳ್ಳಬಹುದೇ, ಮನೆಗೆ ತಿಳಿಸಬೇಕೇ ಎಂದು ಕೇಳಿದ್ದೀ.

ನಾನೂ ಈ ದೇಶದಲ್ಲಿ ಮೊದಲು ಬಂದಿಳಿದದ್ದು ಅದೇ ಊರಿಗೆ. ಕಾರಿಲ್ಲದ ನನ್ನನ್ನು ಭಾನುವಾರ ಮನೆಬಾಗಿಲಿನಿಂದ ಕರೆದೊಯ್ಯುತ್ತಿದ್ದವರು ಅವರೇ. ಪ್ರಸಂಗಪೀಠದ ಹಿಂದೆ ಪರದೆ, ಪರದೆಯ ಹಿಂದೆ ಮೆಟ್ಟಿಲಿಳಿಯುವ ತೊಟ್ಟಿ, ಗೋಡೆಯ ಮೇಲೆ ಬಿಡಿಸಿದ ನದಿಯ ಚಿತ್ರ. ಒಂದು ರಾತ್ರಿ ಎಲ್ಲರೂ ಮನೆ ಸೇರಿದ ಮೇಲೆ ಒಬ್ಬ ಹುಡುಗ ಮನಸ್ಸು ಮಾಡಿದನೆಂದು ಫೋನ್ ಬಂತು. ಬೆಳಗಾಗುವವರೆಗೆ ಕಾಯಲಿಲ್ಲ. ದೇವಾಲಯದ ದೀಪ ಹಾಕಿ, ಬೋಧಕರು ಎದೆಮಟ್ಟದ ರಬ್ಬರ್ ಉಡುಪು ತೊಟ್ಟು ತೊಟ್ಟಿಗಿಳಿದು ಆ ಹುಡುಗನನ್ನು ಮುಳುಗಿಸಿ ಎತ್ತಿದರು. ಫಿಲಿಪ್ಪಿಯ ಸೆರೆಮನೆಯ ಅಧಿಕಾರಿ ಅದೇ ರಾತ್ರಿ, ಅದೇ ಗಳಿಗೆಯಲ್ಲಿ ದೀಕ್ಷಾಸ್ನಾನ ಪಡೆದನೆಂದು ಓದುವ ಜನ ಅವರು, ಓದಿದ್ದನ್ನು ಮಾಡುತ್ತಾರೆ. ಆದ್ದರಿಂದ ಅವರ ಶ್ರದ್ಧೆಯನ್ನು ಹಗುರವಾಗಿ ಕಾಣಬೇಡ. ನಂಬಿದವರಿಗೆ ಮಾತ್ರ ದೀಕ್ಷಾಸ್ನಾನ ಎಂದು ಸಾರಿದ್ದಕ್ಕೆ ಫೀಲಿಕ್ಸ್ ಮಾಂಟ್ಸ್ ಎಂಬವರನ್ನು 1527ರ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನರಿಗಳನ್ನು ಕಳುಹಿಸಿದ್ದೂ ಅದೇ ಸ್ವಿಸ್ ನಾಡು. ಅದು ನಮಗೆ ಹೆಮ್ಮೆಯ ಮಾತು. ಆ ಹೆಮ್ಮೆಯಲ್ಲಿ ಈ ಸಾವನ್ನು ಮರೆಯಬಾರದು.

ಇನ್ನು ವಾಕ್ಯಕ್ಕೆ ಬರೋಣ. ಅವರು ಮೊದಲು ತೆರೆಯುವುದು ಅಪೊಸ್ತಲರ ಕೃತ್ಯಗಳು 2:38. ಪಾಪಕ್ಷಮೆಗಾಗಿ ದೀಕ್ಷಾಸ್ನಾನ ಮಾಡಿಸಿಕೊಳ್ಳಿರೆಂದು ಪೇತ್ರನೇ ಅಲ್ಲಿ ಹೇಳಿದ್ದಾನೆ, ಅದನ್ನು ಅಲ್ಲಗಳೆಯಲಾಗದು. ಆದರೆ ಅದೇ ಪೇತ್ರ ಹತ್ತನೆಯ ಅಧ್ಯಾಯದಲ್ಲಿ ಕೊರ್ನೇಲಿಯನ ಮನೆಯಲ್ಲಿ ಇನ್ನೂ ಮಾತನಾಡುತ್ತಿರುವಾಗಲೇ ಪವಿತ್ರಾತ್ಮನು ಕೇಳುಗರ ಮೇಲೆ ಇಳಿದನು. ನೀರು ಆಮೇಲೆ ಬಂತು. ಮಾರ್ಕ 16:16ರ ಮೊದಲರ್ಧದಲ್ಲಿ ನಂಬಿಕೆಯೂ ದೀಕ್ಷಾಸ್ನಾನವೂ ಜೊತೆಯಾಗಿವೆ, ಎರಡನೆಯ ಅರ್ಧದಲ್ಲಿ ದಂಡನೆಗೆ ಕಾರಣ ನಂಬದಿರುವುದು ಮಾತ್ರ. ಶಿಲುಬೆಯ ಮೇಲಿದ್ದ ಕಳ್ಳನಿಗೆ ನೀರು ಸಿಗಲಿಲ್ಲ, ಪರದೈಸು ಸಿಕ್ಕಿತು. ಅತ್ತ ಸಮಾರ್ಯದ ಸೀಮೋನನು ನಂಬಿದೆನೆಂದು ದೀಕ್ಷಾಸ್ನಾನ ಪಡೆದ ಮೇಲೂ ಅವನ ಹೃದಯ ಸರಿಯಿಲ್ಲವೆಂದು ಅಪೊಸ್ತಲನು ಗದರಿದನು. ನೀರಿಗೆ ಇಳಿಯುವುದು ಕರ್ತನ ಆಜ್ಞೆ, ರಕ್ಷಿಸುವವನು ಕರ್ತನು. ಸಿಗುವಾಗ ಅದನ್ನು ತಾತ್ಸಾರ ಮಾಡುವುದು ಪಾಪ, ಸಿಗದೆ ಹೋದವರು ನಾಶವಾದರೆಂದು ತೀರ್ಪು ಕೊಡುವ ಅಧಿಕಾರ ನಮಗಿಲ್ಲ. ಇದು ನನ್ನೊಬ್ಬಳ ಮಾತಲ್ಲ: ಪ್ರೆಸ್‌ಬಿಟೇರಿಯನ್ನರ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣ ಹೆಚ್ಚುಕಡಿಮೆ ಹೀಗೆಯೇ ಹೇಳುತ್ತದೆ, ದೀಕ್ಷಾಸ್ನಾನವು ರಕ್ಷಣೆಗೆ ಅಗತ್ಯವೆಂದು ಕಲಿಸುವ ಕಥೋಲಿಕ ಸಭೆಯೂ ದೇವರು ತನ್ನ ಸಂಸ್ಕಾರಗಳಿಗೆ ಕಟ್ಟುಬಿದ್ದವನಲ್ಲ ಎಂದು ಸೇರಿಸುತ್ತದೆ.

ನಾನು ಇದನ್ನು ಕಲಿತದ್ದು ಪುಸ್ತಕದಿಂದಲ್ಲ. ಇಲ್ಲಿ ನಮ್ಮ ಮನೆಯ ಶುಕ್ರವಾರದ ಪ್ರಾರ್ಥನೆಗೆ ಧಾರವಾಡ ಕಡೆಯ ಲಿಂಗಾಯತ ಮನೆತನದವರೊಬ್ಬರು ಹೆಂಡತಿಯೊಡನೆ ಬರುತ್ತಿದ್ದರು. ಯೇಸುವನ್ನು ಮನಸಾರೆ ನಂಬಿದ್ದರು, ಮೊಣಕಾಲೂರಿ ಪ್ರಾರ್ಥಿಸುತ್ತಿದ್ದರು. ದೀಕ್ಷಾಸ್ನಾನದ ಮಾತು ಬಂದಾಗ ಮಾತ್ರ, ಊರಿಗೆ ಹೋಗಿ ಅವ್ವನ ಎದುರು ಕೂತು ಹೇಳಿ ಬರುತ್ತೇನೆ, ಫೋನಿನಲ್ಲಿ ಹೇಳುವ ಮಾತಲ್ಲ ಅದು, ಎನ್ನುತ್ತಿದ್ದರು. ಯಾಕೆಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಟಿಕೆಟ್ ಕೊಂಡಾಗಿತ್ತು; ಹೊರಡುವ ಮುನ್ನ ಹೃದಯಾಘಾತದಿಂದ ತೀರಿಕೊಂಡರು. ಶವಪೆಟ್ಟಿಗೆ ಇನ್ನೂ ತೆರೆದಿರುವಾಗಲೇ, ನೋಡಲು ಬಂದವರೊಬ್ಬರು ಆ ಹೆಣ್ಣುಮಗಳ ಕೈ ಹಿಡಿದು, ನೀರಿಗಿಳಿಯದೆ ಹೋದವರ ಬಗ್ಗೆ ನಾವು ಭರವಸೆ ಕೊಡಲಾರೆವು ಎಂದು ಮೆಲ್ಲಗೆ ಹೇಳಿಹೋದರು. ರಾತ್ರಿ ಆಕೆ ಅಡುಗೆಮನೆಯಲ್ಲಿ ನನ್ನನ್ನು ಕೇಳಿದಳು: "ಅಕ್ಕಾ, ಅವರು ಈಗ ಎಲ್ಲಿದ್ದಾರ?"

392ರಲ್ಲಿ ರೋಮಿನ ತರುಣ ಸಾಮ್ರಾಟ ಎರಡನೆಯ ವ್ಯಾಲೆಂಟೀನಿಯನ್ ದೀಕ್ಷಾಸ್ನಾನ ಬಯಸಿ, ಬಿಷಪ್ ಆಂಬ್ರೋಸ್ ಬರುವುದನ್ನು ಎದುರುನೋಡುತ್ತಲೇ ಸತ್ತನು. ಅವನ ಅಕ್ಕತಂಗಿಯರು ಇದೇ ದುಃಖದಲ್ಲಿದ್ದಾಗ ಆಂಬ್ರೋಸರು, ಅವನು ಬಯಸಿದ್ದನ್ನು ಪಡೆದನೆಂದೇ ಸಂತೈಸಿದರು. ನಾನೂ ಆಕೆಗೆ ಅದನ್ನೇ ಹೇಳಿದೆ, ಈಗಲೂ ಹೇಳುತ್ತೇನೆ. ಆದರೂ ಒಂದು ಕೊರಗು ಉಳಿದಿದೆ. ಅವರು ನಮ್ಮೆಲ್ಲರ ಮುಂದೆ ನೀರಿನಲ್ಲಿ ನಿಂತಿದ್ದರೆ ಆಕೆಯ ಬಳಿ ಹಿಡಿದುಕೊಳ್ಳಲು ಒಂದು ದಿನ, ಒಂದು ಸಾಕ್ಷಿ ಇರುತ್ತಿತ್ತು. ಆ ಪ್ರಶ್ನೆ ಅವಳ ಎದೆಗೆ ನಾಟುತ್ತಿರಲಿಲ್ಲ. ದೀಕ್ಷಾಸ್ನಾನವನ್ನು ಮುಂದೂಡುತ್ತಿರುವ ಯಾರಾದರೂ ನಿನ್ನ ಬಳಿ ಬಂದರೆ ಇದನ್ನು ಹೇಳು, ಹೆದರಿಸುವುದಕ್ಕಲ್ಲ.

ನಿನ್ನ ವಿಷಯ ಬೇರೆ. ನಿನಗೆ ದೀಕ್ಷಾಸ್ನಾನ ಆಗಿದೆ: ತ್ರಿಯೇಕ ದೇವರ ಹೆಸರಿನಲ್ಲಿ, ನೀರಿನಿಂದ, ಸಭೆಯ ಮುಂದೆ. ಅದನ್ನು ಮತ್ತೊಮ್ಮೆ ಮಾಡುವಂತಿಲ್ಲ ಎಂಬುದು ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ನಿಲುವು, ನನ್ನದೂ ಅದೇ. ಹೆದರಿಕೆಯಿಂದ ಮುಳುಗಬೇಡ, ಕಾರಿನಲ್ಲಿ ಕರೆದೊಯ್ಯುವವರ ಮುಲಾಜಿಗಂತೂ ಬೇಡವೇ ಬೇಡ. ಭೋಜನದ ತಟ್ಟೆಯನ್ನು ಅವರು ಬೆಂಚಿನಿಂದ ಬೆಂಚಿಗೆ ದಾಟಿಸುತ್ತಾರೆ, ನನ್ನನ್ನು ಯಾರೂ ತಡೆಯಲಿಲ್ಲ. ಮನಸ್ಸಾಕ್ಷಿ ಒಪ್ಪಿದರೆ ತೆಗೆದುಕೊ. ಮನೆಗೆ ಹೇಳುವುದಾದರೆ ತೀರ್ಮಾನದ ಮೊದಲು ಹೇಳು. ಊರಿನ ಸಭಾಪಾಲಕರಿಂದ ದೀಕ್ಷಾಸ್ನಾನದ ಸರ್ಟಿಫಿಕೇಟಿನ ಪ್ರತಿಯನ್ನೂ ತರಿಸಿಕೊ. ಮೆಥೊಡಿಸ್ಟ್, ಎಪಿಸ್ಕೋಪಲ್, ಪ್ರೆಸ್‌ಬಿಟೇರಿಯನ್ ಸಭೆಗಳು ಅದನ್ನು ಮಾನ್ಯ ಮಾಡುತ್ತವೆ. ಡಲ್ಲಾಸ್‌ನಲ್ಲಿ ಸಿಎಸ್‌ಐ ಆರಾಧನೆ ಇದೆ, ಮಲಯಾಳಿಗಳದ್ದು. ಕನ್ನಡ ಕೀರ್ತನೆ ಅಲ್ಲಿ ಕೇಳಿಸದು. ಅದಕ್ಕೆ ಶುಕ್ರವಾರ ನಮ್ಮ ಮನೆಗೇ ಬರಬೇಕು, ಮೂರು ಗಂಟೆಯ ದಾರಿ, ಕತ್ತಲಾಗುವ ಮೊದಲೇ ಹೊರಡು.