ಹೊರದೇಶಕ್ಕೆ ಹೊರಡುವ ದಿನ ಹತ್ತಿರ ಬಂದಂತೆ ಮನೆಯಲ್ಲಿ ಜಗಳ ಜಾಸ್ತಿಯಾಗುವುದು ಸಹಜವೇ?

ನಿಮ್ಮವರು ಇನ್ನು ಒಂದೂವರೆ ತಿಂಗಳಲ್ಲಿ ಎರಡು ವರ್ಷದ ಕೆಲಸಕ್ಕೆ ಸಮುದ್ರದಾಚೆ ಹೊರಡುತ್ತಾರೆ. ಕೆಲಸ ಸಿಕ್ಕಿದ ದಿನ ಮನೆಮಂದಿಯೆಲ್ಲ ಕುಣಿದಾಡಿದ್ದೀರಿ. ಈಗ ದಿನಾ ಒಂದಲ್ಲ ಒಂದು ಸಣ್ಣ ವಿಷಯಕ್ಕೆ ಮಾತು ಬೆಳೆಯುತ್ತಿದೆ, ನಮ್ಮ ಸಂಬಂಧವೇ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಐದು ವರ್ಷದ ಮಗನಿಗೆ ಹೇಗೆ ಹೇಳುವುದು ಅನ್ನುವುದು ನಿಮ್ಮ ಇನ್ನೊಂದು ಚಿಂತೆ.

ಕೆಟ್ಟಿಲ್ಲ. ನಮ್ಮನೆಯವರು ಹೀಗೇ ಹೊರಟಾಗ ನಮ್ಮಲ್ಲೂ ಇದೇ ಆಯಿತು. ಯಾವ ಸೂಟ್‌ಕೇಸ್ ತೆಗೆದುಕೊಳ್ಳಬೇಕು ಅನ್ನುವುದಕ್ಕೆ ಜಗಳ, ಫೋನ್ ಎಲ್ಲಿಟ್ಟಿರಿ ಅನ್ನುವುದಕ್ಕೆ ಜಗಳ. ಅವರು ಹೊಸ ಜಾಗದ ಬಗ್ಗೆ ಉತ್ಸಾಹದಿಂದ ಮಾತಾಡಿದರೆ ನನಗೆ ಸಿಟ್ಟು ಬರುತ್ತಿತ್ತು. ಅವರು ಸುಮ್ಮನೆ ಕೂತರೆ ಅದಕ್ಕೂ ಸಿಟ್ಟು. ಒಳಗಿದ್ದದ್ದು ಅಗಲಿಕೆಯ ಭಯ. ಅದನ್ನು ಬಾಯಿಬಿಟ್ಟು ಹೇಳುವುದು ಕಷ್ಟ, ಸೂಟ್‌ಕೇಸ್ ಬಗ್ಗೆ ಕೂಗಾಡುವುದು ಸುಲಭ.

ಅಮೆರಿಕದ ನೌಕಾಪಡೆಯವರ ಮನೆಗಳಲ್ಲಿ ಏನಾಗುತ್ತದೆ ಅಂತ ಕ್ಯಾಥ್ಲೀನ್ ವೆಸ್ಟಲ್ ಲೋಗನ್ ಎಂಬುವವರು 1987ರಲ್ಲಿ ಬರೆದಿದ್ದರು. ಹಡಗು ಹೊರಡುವ ಕೆಲವು ವಾರ ಮುಂಚಿನಿಂದಲೇ ಮನೆಯವರು ಅಗಲಿಕೆಯನ್ನು ಅನುಭವಿಸಲು ಶುರುಮಾಡುತ್ತಾರೆ. ಅಳು, ಸಿಟ್ಟು, ಜಗಳ ಎಲ್ಲ ಆಗಲೇ ಬರುತ್ತವೆ. ಕೊನೆಯ ದಿನಗಳಲ್ಲಿ ಇನ್ನೊಂದು ಹಂತ. ಒಂದೇ ಮನೆಯಲ್ಲಿದ್ದರೂ ಇಬ್ಬರ ಮನಸ್ಸೂ ಸ್ವಲ್ಪ ದೂರ ಸರಿಯುತ್ತದೆ. ಹೋಗಲೇಬೇಕಾದರೆ ಬೇಗ ಹೋಗಿಬಿಡಲಿ ಅಂತಲೂ ಅನ್ನಿಸುತ್ತದೆ. ಇದನ್ನು ಓದಿದಾಗ ನನ್ನ ಎದೆಯ ಭಾರವೇ ಇಳಿಯಿತು. ನಿಮಗೂ ಆ ಯೋಚನೆ ಬಂದರೆ ನಿಮ್ಮನ್ನೇ ಶಪಿಸಿಕೊಳ್ಳಬೇಡಿ. ಪ್ರೀತಿ ಕಡಿಮೆಯಾಗಿ ಬರುವ ಯೋಚನೆಯಲ್ಲ ಅದು.

ನಮಗೆ ಉಪಯೋಗವಾದದ್ದು ಒಂದು ಮಾತು. ಜಗಳ ಶುರುವಾದಾಗ ಇಬ್ಬರಲ್ಲಿ ಯಾರಿಗೆ ಮೊದಲು ಹೊಳೆಯುತ್ತದೋ ಅವರು "ನನಗೆ ಹೆದರಿಕೆ ಆಗ್ತಿದೆ" ಅನ್ನಬೇಕು. ಅಷ್ಟೇ. ಪ್ರತಿ ಸಲ ಹೇಳಲು ಆಗಲಿಲ್ಲ. ಹೇಳಿದಾಗಲೆಲ್ಲ ಮಾತಿನ ಧಾಟಿ ಬದಲಾಯಿತು.

ಇನ್ನೊಂದು ವಿಷಯ ನಾನು ಒತ್ತಿ ಹೇಳುತ್ತೇನೆ. ಕಾಗದಪತ್ರದ ಕೆಲಸವನ್ನು ಈ ವಾರವೇ ಹಿಡಿಯಿರಿ. ಇದಕ್ಕೂ ಜಗಳಕ್ಕೂ ಏನು ಸಂಬಂಧ ಅನ್ನಿಸಬಹುದು. ತುಂಬಾ ಇದೆ. ಕೊನೆಯ ವಾರಕ್ಕೆ ಉಳಿದ ಕೆಲಸಗಳು, ಜೊತೆಯಲ್ಲಿ ಕೂರಬೇಕಾದ ಸಂಜೆಗಳನ್ನೆಲ್ಲ ತಿಂದುಬಿಡುತ್ತವೆ. ಪಾಸ್‌ಪೋರ್ಟ್ ತೆಗೆದು ದಿನಾಂಕ ನೋಡಿ. ಎಷ್ಟೋ ದೇಶಗಳು ಇನ್ನೂ ಆರು ತಿಂಗಳ ಅವಧಿ ಉಳಿದಿರಬೇಕು ಅನ್ನುತ್ತವೆ. ನಿಮಗೆ ಅವರ ಪರವಾಗಿ ಸಹಿ ಮಾಡುವ ಅಧಿಕಾರ ಪತ್ರ ಬೇಕಾಗುತ್ತದೆಯೇ? ಬೇಕಾದರೆ ಇಲ್ಲಿರುವಾಗಲೇ ಮಾಡಿಸಿ. ಅಲ್ಲಿಗೆ ಹೋದಮೇಲೆ ಅದೇ ಕಾಗದಕ್ಕೆ ರಾಯಭಾರ ಕಚೇರಿ, ನೋಟರಿ ಅಂತ ಅಲೆಯಬೇಕಾದೀತು. ಬ್ಯಾಂಕಿನ ಓಟಿಪಿ ಯಾರ ಫೋನಿಗೆ ಬರುತ್ತದೆ ಅಂತ ಈಗಲೇ ನೋಡಿಕೊಳ್ಳಿ. ಮನೆ ಖರ್ಚಿನ ಖಾತೆ ಅವರ ನಂಬರಿಗೆ ಜೋಡಿಸಿದ್ದು, ಆ ಸಿಮ್ ಅಲ್ಲಿ ಕೆಲಸ ಮಾಡದಿದ್ದರೆ ಬಿಲ್ ಕಟ್ಟುವುದಕ್ಕೂ ನೀವು ಪರದಾಡಬೇಕು. ಅವರು ಹೋಗುವುದು ಹಳದಿ ಜ್ವರದ ಲಸಿಕೆ ಕೇಳುವ ದೇಶವಾದರೆ, ಮೊದಲ ಸಲ ಹಾಕಿಸಿಕೊಂಡ 10 ದಿನದ ನಂತರವೇ ಆ ಪ್ರಮಾಣಪತ್ರ ಊರ್ಜಿತವಾಗುವುದು. ದಿನನಿತ್ಯದ ಮಾತ್ರೆಗಳು, ವೈದ್ಯರ ಚೀಟಿ, ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ. ಪವರ್ ಬ್ಯಾಂಕನ್ನು ದೊಡ್ಡ ಬ್ಯಾಗಿಗೆ ಹಾಕಲು ಬಿಡುವುದೇ ಇಲ್ಲ.

ಇನ್ನು ಮಗನ ವಿಷಯ. ಅವನಿಗೆ ಖಂಡಿತ ಹೇಳಿ. ಅವನು ಮಲಗಿದ್ದಾಗ ಅಪ್ಪ ಹೊರಟುಬಿಟ್ಟರೆ ಅಳು ತಪ್ಪುತ್ತದೆ ಅನ್ನುವವರು ನಿಮ್ಮ ಸುತ್ತಲೂ ಇರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎದ್ದು ನೋಡಿದಾಗ ಅಪ್ಪ ಇಲ್ಲ ಅಂದರೆ, ನಾಳೆ ನೀವು ಪಕ್ಕದ ಬೀದಿಗೆ ಹೋದರೂ ಅವನಿಗೆ ಭಯ ಶುರುವಾಗುತ್ತದೆ. ಎರಡು ವರ್ಷ ಅಂದರೆ ಐದರ ಮಗುವಿಗೆ ಅರ್ಥವಾಗುವುದಿಲ್ಲ. ನಿನ್ನ ಎರಡು ಹುಟ್ಟುಹಬ್ಬ ಕಳೆದಮೇಲೆ ಅಂದರೆ ಸ್ವಲ್ಪ ಅಂದಾಜು ಸಿಗುತ್ತದೆ. ಎಲ್ಲಿಗೆ, ಏಕೆ, ಯಾವಾಗ ಮಾತಾಡಬಹುದು ಅನ್ನುವುದನ್ನು ಅಪ್ಪನೇ ಹೇಳಲಿ. "ನೀನು ತಂಟೆ ಮಾಡಿದೆ ಅಂತ ನಾನು ಹೋಗ್ತಿರೋದಲ್ಲ" ಅನ್ನುವಂಥ ಮಾತೂ ಬೇಕು, ಏಕೆಂದರೆ ತನ್ನ ತಂಟೆಯಿಂದಲೇ ಅಪ್ಪ ಹೋಗುತ್ತಿದ್ದಾರೆ ಅಂತ ಮಕ್ಕಳು ಅಂದುಕೊಳ್ಳುವುದುಂಟು. ರಾತ್ರಿ ಹೇಳುವ ಕಥೆಗಳನ್ನು ಅವರ ದನಿಯಲ್ಲೇ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ನಮ್ಮ ಮಗಳು ಅವನ್ನು ಎಷ್ಟು ಸಲ ಕೇಳಿದಳೋ!

ಮನೆಯಲ್ಲಿ ಹಿರಿಯರಿದ್ದರೆ ಅವರ ಕಡೆಯೂ ಸ್ವಲ್ಪ ನೋಡಿ. ನಮ್ಮ ಅತ್ತೆ ಒಂದು ದಿನವೂ ಅಳಲಿಲ್ಲ. ಬ್ಯಾಗಿನಲ್ಲಿ ಜಾಗವಿಲ್ಲ ಅಂದರೂ ಇನ್ನೊಂದು ಪೊಟ್ಟಣ ತಂದು ತುರುಕುತ್ತಿದ್ದರು. ಮಗ ವಾಪಸ್ ಬರುವಾಗ ತಾನು ಇರುತ್ತೇನೋ ಇಲ್ಲವೋ ಅನ್ನುವುದು ಅವರ ಚಿಂತೆ. ಅದನ್ನು ಯಾರ ಹತ್ತಿರ ಹೇಳಿಕೊಳ್ಳುತ್ತಾರೆ ಹೇಳಿ? ಒಂದು ಮಧ್ಯಾಹ್ನ ಅಮ್ಮ ಮಗ ಇಬ್ಬರೇ ಕೂತು ಹಳೆಯ ಫೋಟೋ ನೋಡಿದರು. ನಾನು ಬೇಕೆಂದೇ ಒಳಗೆ ಹೋಗಲಿಲ್ಲ. ಅವತ್ತಿನ ನಂತರ ಅತ್ತೆಯ ಮುಖ ಹಗುರವಾಗಿತ್ತು.

ಇಷ್ಟೆಲ್ಲ ಕಷ್ಟದ ನಡುವೆ ಸಂತೋಷಪಡುವುದಕ್ಕೆ ನೀವು ಹಿಂಜರಿಯುತ್ತಿದ್ದೀರಿ ಅಂತ ನಿಮ್ಮ ಬರಹದಲ್ಲಿ ಕಂಡಿತು. ಬೇಡ. ಅವರು ವರ್ಷಗಟ್ಟಲೆ ದುಡಿದು ಪಡೆದ ಅವಕಾಶ ಇದು, ಹೆಮ್ಮೆ ಇದ್ದೇ ಇರುತ್ತದೆ. ನಕ್ಕರೆ ದುಃಖ ಇಲ್ಲವೆಂದಲ್ಲ. ನಮ್ಮ ಮದುವೆಯಾದ ಮೇಲೆ ಅಷ್ಟು ಮಾತಾಡಿದ ವಾರಗಳು ಬೇರೆ ಇರಲಿಲ್ಲ. ಯಾವ ಬಿಲ್ ಎಲ್ಲಿದೆ, ಕರೆಂಟ್ ಹೋದರೆ ಯಾವ ಸ್ವಿಚ್ ಅಂತ ಅವರು ತೋರಿಸುತ್ತಿದ್ದರು, ಮಧ್ಯೆ ಎಲ್ಲಿಂದೆಲ್ಲಿಗೋ ಮಾತು ಹೋಗುತ್ತಿತ್ತು.

ಒಂದು ಸಣ್ಣ ವಿಷಯ, ಬಿಟ್ಟುಹೋಗಬಾರದು. ಅಲ್ಲಿ ಇಳಿದ ಮೊದಲ ದಿನಗಳಲ್ಲಿ ಅವರ ಫೋನ್ ಚುಟುಕಾಗಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಸಮಯದ ವ್ಯತ್ಯಾಸ ಒಂದು ಗಂಟೆಯಿದ್ದರೆ ದೇಹ ಹೊಂದಿಕೊಳ್ಳಲು ಸುಮಾರು ಒಂದು ದಿನ ಬೇಕು ಅನ್ನುತ್ತಾರೆ. ಏಳೆಂಟು ಗಂಟೆಯಿದ್ದರೆ ವಾರವೇ ಹಿಡಿಯಬಹುದು. ಇಬ್ಬರಿಗೂ ಎಚ್ಚರವಿರುವ ಒಂದು ಹೊತ್ತನ್ನು ಹೊರಡುವ ಮುಂಚೆಯೇ ಗೊತ್ತುಮಾಡಿಕೊಳ್ಳಿ, ಮಗ ಮಲಗುವ ಮುಂಚಿನ ಹೊತ್ತಾದರೆ ಇನ್ನೂ ಒಳ್ಳೆಯದು.