ಪೇಂಟ್‌ಬಾಲ್‌ನಲ್ಲಿ ಔಟ್ ಆದ ಮೇಲೂ ಹೊಡೆಯುತ್ತಿದ್ದರೆ ಏನು ಮಾಡಬೇಕು?

ಆಫೀಸಿನವರ ಜೊತೆ ಪೇಂಟ್‌ಬಾಲ್ (ಗನ್ನಿನಿಂದ ಬಣ್ಣ ತುಂಬಿದ ಉಂಡೆ ಹೊಡೆಯುವ ಆಟ, ಉಂಡೆ ಮೈಮೇಲೆ ಒಡೆದರೆ ಔಟ್) ಆಡಲು ಹೋದಾಗ, ಔಟ್ ಆಗಿ ಕೈ ಎತ್ತಿದ ಮೇಲೂ ಒಬ್ಬರು ಬೆನ್ನಿಗೆ ಐದಾರು ಸಲ ಹೊಡೆದರು, ಕೇಳಿದರೆ "ಆಟ ಅಲ್ವಾ" ಎಂದು ನಕ್ಕರು ಅಂತ ಬರೆದಿದ್ದೀರಿ.

ಒಂದೆರಡು ಜಾಸ್ತಿ ಬಿದ್ದರೆ ಬಿಟ್ಟುಬಿಡಿ. ಮೊದಲ ಉಂಡೆ ಒಡೆದದ್ದು ಹೊಡೆದವರಿಗೆ ದೂರದಿಂದ ಕಾಣುವುದಿಲ್ಲ, ಅಷ್ಟರಲ್ಲಿ ಮುಂದಿನದು ಗಾಳಿಯಲ್ಲಿರುತ್ತದೆ. ಆದರೆ ಗನ್ ಮೇಲೆತ್ತಿ ಹೊರಗೆ ನಡೆಯುತ್ತಿರುವವರಿಗೆ ಹೊಡೆಯುವುದು ಆಟವಲ್ಲ, ಪುಂಡಾಟ.

ಆ ಕ್ಷಣಕ್ಕೆ ಸಿಟ್ಟು ಬರುತ್ತೆ, ನಿಜ. ಹಾಗಂತ ತಿರುಗಿ ಹೊಡೆಯಬೇಡಿ. ಜಗಳ ಮಾಡಲು ಮುಖದ ಮಾಸ್ಕ್ ಅಂತೂ ತೆಗೆಯಲೇಬೇಡಿ. ಸುಮಾರು 17 ಮಿಲಿಮೀಟರ್ ದಪ್ಪದ, 3 ಗ್ರಾಂ ತೂಕದ ಆ ಉಂಡೆ ಸೆಕೆಂಡಿಗೆ 85–90 ಮೀಟರ್ ವೇಗದಲ್ಲಿ ಬರುತ್ತದೆ. ತೊಡೆಗೆ ಬಿದ್ದರೆ ಬಳೆಯಂತೆ ದುಂಡಗೆ ಕಂದುತ್ತದೆ, ಅಷ್ಟೆ. ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಮೈದಾನದಿಂದ ಹೊರಬಂದು, ನಳಿಗೆಗೆ ಕವರ್ ಹಾಕಿ, ಮಾರ್ಷಲ್‌ಗೆ, ಅಂದರೆ ಆಟ ನೋಡಿಕೊಳ್ಳುವ ಅಂಪೈರ್‌ಗೆ, ಹೇಳಿ. ಯಾರು, ಎಷ್ಟು ದೂರದಿಂದ, ನೀವು ಕೈ ಎತ್ತಿದ್ದಿರಾ ಇಲ್ಲವಾ, ಇಷ್ಟು ಹೇಳಿದರೆ ಸಾಕು.

ಹೊಡೆತ ವಿಪರೀತ ಜೋರಾಗಿತ್ತು ಅನಿಸಿದರೆ ಆ ಗನ್ನಿನ ವೇಗ ಅಳೆಯಲು ಕೇಳಿ. ಅದಕ್ಕೆ ಕ್ರೋನೋಗ್ರಾಫ್ ಎಂಬ ಸಾಧನ ಇದೆ. ಸಾಮಾನ್ಯ ಮಿತಿ ಸೆಕೆಂಡಿಗೆ 280ರಿಂದ 300 ಅಡಿ.

ಮಾರ್ಷಲ್ ಕೂಡ "ಬಿಡಿ ಸಾರ್" ಎಂದರೆ? ಮುಂದಿನ ಸುತ್ತು ಆಡಬೇಡಿ. ನಾನಾದರೆ ಮಿಕ್ಕ ದುಡ್ಡು ವಾಪಸ್ ಕೇಳುತ್ತೇನೆ.