ಕಡಿಮೆ ಬಿದ್ದ ದುಡ್ಡೆಲ್ಲ ನಿಮ್ಮ ತಪ್ಪಲ್ಲ

ದಾವಣಗೆರೆಯಿಂದ ಬರೆದ ಓದುಗರಿಗೆ (ಹೆಸರು ಬೇಡ ಎಂದಿದ್ದೀರಿ),

ನಿಮ್ಮ ಪತ್ರದ ಸಾರ ಉಳಿದ ಓದುಗರಿಗೂ ತಿಳಿಯಲಿ. ನೀವು ದಿನಸಿ ಸೂಪರ್ ಬಜಾರ್ ಒಂದರಲ್ಲಿ ಬಿಲ್ಲಿಂಗ್ ಕೌಂಟರ್‌ನಲ್ಲಿದ್ದೀರಿ. ರಾತ್ರಿ ನೀವು ಮನೆಗೆ ಹೊರಟ ಮೇಲೆ ಮಾಲೀಕರು ತಮ್ಮ ಕೋಣೆಯಲ್ಲಿ ಗಲ್ಲಾ ಎಣಿಸುತ್ತಾರೆ. ಬೆಳಿಗ್ಗೆ ಗಿರಾಕಿಗಳ ಮುಂದೆಯೇ “ನಿನ್ನೆ ಇಷ್ಟು ಶಾರ್ಟ್” ಎಂದು ಕೂಗುತ್ತಾರೆ. ಮೂರು ತಿಂಗಳಲ್ಲಿ ಸಂಬಳದಿಂದ 2,340 ರೂಪಾಯಿ ಕಡಿದಿದ್ದಾರೆ. ಒಮ್ಮೆ “ಪೊಲೀಸರಿಗೆ ಕೊಡ್ತೀನಿ” ಎಂದೂ ಹೇಳಿದ್ದಾರೆ. “ಶಾಲೆಯಲ್ಲೂ ನಾನು ಲೆಕ್ಕದಲ್ಲಿ ಹಿಂದೆ, ನಂದೇ ತಪ್ಪಿರಬೇಕು” ಎಂದು ಬರೆದಿದ್ದೀರಿ. ಬೈಗುಳ ತಪ್ಪಿಸಿಕೊಳ್ಳಲು ಎರಡು ಮೂರು ಸಲ ನಿಮ್ಮದೇ ಪರ್ಸಿನಿಂದ ನೂರು, ಇನ್ನೂರು ಗಲ್ಲಾಕ್ಕೆ ಹಾಕಿದ್ದೀರಿ. ಕಳೆದ ವಾರ ಸಾಮಾನು ಕಟ್ಟುವ ಹುಡುಗನ ಮೇಲೆ ಅನುಮಾನ ಬಂದು ಎಲ್ಲರೆದುರು ಬೈದಿದ್ದೀರಿ. ಕೊನೆಗೆ “ಧೈರ್ಯ ಬರಲು ಏನು ಮಾಡಬೇಕು?” ಎಂದು ಕೇಳಿದ್ದೀರಿ.

ಧೈರ್ಯದ ವಿಷಯಕ್ಕೆ ಹೋಗುವ ಮೊದಲು ಒಂದು ಪ್ರಶ್ನೆ. ರಾತ್ರಿ ನೀವು ಗಲ್ಲಾ ಬಿಟ್ಟು ಹೊರಟಾಗ ಅದರಲ್ಲಿ ಎಷ್ಟು ಹಣವಿತ್ತು ಎಂದು ನಿಮಗೆ ಗೊತ್ತೇ? ಪತ್ರ ಓದಿದರೆ ಗೊತ್ತಿರಲಿಲ್ಲ ಅನ್ನಿಸುತ್ತದೆ. ಬೆಳಿಗ್ಗೆ ಎಷ್ಟು ಚಿಲ್ಲರೆಯೊಂದಿಗೆ ಶುರು ಮಾಡಿದಿರಿ ಎಂಬುದೂ ಬರಹದಲ್ಲಿಲ್ಲ. ಆರಂಭವೂ ಗೊತ್ತಿಲ್ಲದ, ಮುಕ್ತಾಯವೂ ಗೊತ್ತಿಲ್ಲದ ಗಲ್ಲಾದಲ್ಲಿ ಕಡಿಮೆ ಬಿದ್ದ ಹಣಕ್ಕೆ ಯಾರು ಕಾರಣ ಎಂದು ನೀವೂ ಹೇಳಲಾರಿರಿ, ಮಾಲೀಕರೂ ಹೇಳಲಾರರು. ಹಾಗಿರುವಾಗ “ನಂದೇ ತಪ್ಪು” ಎಂಬ ತೀರ್ಪಿಗೆ ಆಧಾರವೇ ಇಲ್ಲ. ಅದನ್ನು ನಿಮ್ಮ ಮೇಲೆ ಹೊರಿಸಿದವರಲ್ಲಿ ಮೊದಲಿಗರು ನೀವೇ.

ಆದ್ದರಿಂದ ಕೆಲಸ ಎಣಿಕೆಯಿಂದ ಶುರುವಾಗಲಿ. ಬೆಳಿಗ್ಗೆ ಗಲ್ಲಾ ನಿಮ್ಮ ಕೈಗೆ ಬಂದ ಕೂಡಲೇ, ಮೊದಲ ಗಿರಾಕಿಗೆ ಮುಂಚೆ, ಅದರಲ್ಲಿರುವ ಹಣವನ್ನು ಕೊಟ್ಟವರ ಎದುರೇ ಎಣಿಸಿ ಬರೆಯಿರಿ. ಇಬ್ಬರೂ ಸಹಿ ಹಾಕಿ. ರಾತ್ರಿಯೂ ಅಷ್ಟೇ. ಇದಕ್ಕೆ ಇಪ್ಪತ್ತು ರೂಪಾಯಿಯ ಒಂದು ನೋಟ್‌ಬುಕ್ ಸಾಕು. ಒಂದು ದಿನದ ಹಾಳೆ ಹೀಗಿರಬಹುದು: ಆರಂಭದ ಚಿಲ್ಲರೆ 2,000. ಕಂಪ್ಯೂಟರ್ ತೋರಿಸುವ ನಗದು ಮಾರಾಟ 18,460. ಹಮಾಲಿ ಮತ್ತು ಆಟೋ ಬಾಡಿಗೆಗೆ ಕೊಟ್ಟದ್ದು 350. ಸಾಮಾನು ವಾಪಸ್ ಪಡೆದು ಗಿರಾಕಿಗೆ ಕೊಟ್ಟದ್ದು 230. ಮಧ್ಯಾಹ್ನ ಮಾಲೀಕರು ಸಹಿ ಹಾಕಿ ಒಯ್ದದ್ದು 10,000. ಮೊದಲ ಎರಡನ್ನು ಕೂಡಿ ಉಳಿದ ಮೂರನ್ನು ಕಳೆದರೆ ಗಲ್ಲಾದಲ್ಲಿ 9,880 ಇರಬೇಕು. ಈಗ ನೋಟು ಎಣಿಸಿ: 500ರ 12, 200ರ 8, 100ರ 14, 50ರ 7, 20ರ 9, 10ರ 12, ನಾಣ್ಯ 50 ರೂಪಾಯಿ. ಒಟ್ಟು 9,700. ಕಡಿಮೆ ಬಂದದ್ದು 180.

ಇಲ್ಲಿ ನಿಲ್ಲಿ. ಬೈಗುಳ ಶುರುವಾಗುವುದೂ ಇಲ್ಲೇ, ಹುಡುಕಾಟ ಶುರುವಾಗಬೇಕಾದದ್ದೂ ಇಲ್ಲೇ. 180 ಎಂಬ ಸಂಖ್ಯೆಯೇ ಒಂದು ಸುಳಿವು ಕೊಡುತ್ತದೆ: 200ರಿಂದ 20 ಕಳೆದರೆ 180. ಇಪ್ಪತ್ತರ ನೋಟು ಕೊಡಬೇಕಾದಲ್ಲಿ ಇನ್ನೂರರ ನೋಟು ಹೋಗಿದೆಯೇ? ಇನ್ನೂರರದು ಗಾಢ ಹಳದಿ, ಹೊಸ ಇಪ್ಪತ್ತರದು ಹಸಿರು ಬೆರೆತ ಹಳದಿ. ಸಂಜೆ ಏಳರ ನೂಕುನುಗ್ಗಲಿನಲ್ಲಿ ಎರಡೂ ಒಂದೇ ಅರೆಯಲ್ಲಿದ್ದರೆ ಅದಲುಬದಲಾಗುತ್ತವೆ. ಹಾಗೆಯೇ 90 ಕಡಿಮೆ ಬಂದರೆ ಹತ್ತರ ಬದಲು ನೂರು, 450 ಕಡಿಮೆ ಬಂದರೆ ಐವತ್ತರ ಬದಲು ಐನೂರು ಹೋಗಿರಬಹುದು. ಅಂಕಿ ತಿರುವುಮುರುವಾದರೂ ಇದೇ ಬಗೆಯ ವ್ಯತ್ಯಾಸ ಬರುತ್ತದೆ. 420ರ ಖರ್ಚಿನ ಚೀಟಿಯನ್ನು 240 ಎಂದು ಬರೆದುಕೊಂಡಿದ್ದರೆ ಆಗಲೂ 180 ಕಡಿಮೆಯೇ. ಎರಡು ಅಂಕಿ ಅದಲುಬದಲಾದಾಗ ಬರುವ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. ಲೆಕ್ಕ ಬರೆಯುವವರು ಬಹಳ ಕಾಲದಿಂದ ಬಳಸುವ ಪರೀಕ್ಷೆ ಇದು. ಇದರಿಂದ ತಪ್ಪು ಸಾಬೀತಾಗುವುದಿಲ್ಲ, ಎಲ್ಲಿ ಹುಡುಕಬೇಕೆಂದು ಮಾತ್ರ ತಿಳಿಯುತ್ತದೆ.

ಕಡಿಮೆ ಬಂದ ಮೊತ್ತದ ಅರ್ಧವನ್ನೂ ಹುಡುಕಿ. 115 ರೂಪಾಯಿಯ ವಾಪಸಾತಿಯನ್ನು ಮಾರಾಟವೆಂದು ಹೊಡೆದಿದ್ದರೆ, ಕಳೆಯಬೇಕಾದದ್ದನ್ನು ಕೂಡಿದಂತಾಗಿ ವ್ಯತ್ಯಾಸ ಎರಡು ಪಟ್ಟು, ಅಂದರೆ 230 ಬರುತ್ತದೆ. ಯುಪಿಐ ಗೊಂದಲ ಇದಕ್ಕಿಂತ ಸಾಮಾನ್ಯ. ಗಿರಾಕಿ ಫೋನಿನಲ್ಲಿ ಕಟ್ಟಿರುತ್ತಾರೆ, ನೀವು ಅವಸರದಲ್ಲಿ ‘ನಗದು’ ಒತ್ತಿರುತ್ತೀರಿ. ಆಗ ನಗದು ಎಷ್ಟು ಕಡಿಮೆಯೋ ಯುಪಿಐ ಖಾತೆಗೆ ಅಷ್ಟೇ ಹೆಚ್ಚು ಬಂದಿರುತ್ತದೆ. ದುಡ್ಡು ಎಲ್ಲೂ ಹೋಗಿಲ್ಲ, ಮಾಲೀಕರ ಬ್ಯಾಂಕಿನಲ್ಲೇ ಇದೆ. ನಗದನ್ನು ಮಾತ್ರ ಎಣಿಸಿ ಸಂಬಳ ಕಡಿಯುವ ಅಂಗಡಿಯಲ್ಲಿ ಮಾಲೀಕರಿಗೆ ಆ ಹಣ ಎರಡು ಸಲ ಬಂದಂತಾಗುತ್ತದೆ. ಆದ್ದರಿಂದ ಯುಪಿಐಯ ದಿನದ ಒಟ್ಟು ಮೊತ್ತ ನೋಡದೆ ‘ಶಾರ್ಟ್’ ಎಂಬ ಮಾತನ್ನು ಒಪ್ಪಬೇಡಿ. ಗಿರಾಕಿ ಸ್ಕ್ರೀನ್‌ಶಾಟ್ ತೋರಿಸಿದರೆ ಸಾಲದು. ಸೌಂಡ್‌ಬಾಕ್ಸ್ ಕೂಗಬೇಕು, ಇಲ್ಲವೇ ಅಂಗಡಿಯ ಫೋನಿಗೆ ಸಂದೇಶ ಬರಬೇಕು.

ಇನ್ನು ನಿಮ್ಮ ಕೈ ಮೀರಿದವು. ಮಾಲೀಕರ ಮನೆಯವರು ಬಂದು ಐನೂರು ತೆಗೆದುಕೊಂಡು ಹೋಗುವುದು, ಚಹಾದವನಿಗೆ ಗಲ್ಲಾದಿಂದಲೇ ಕೊಡುವುದು, ಪರಿಚಯದವರು “ಬರೆದಿಟ್ಕೊಳ್ಳಿ” ಎಂದು ಹೋದ ಉದ್ರಿಯನ್ನು ನಗದು ಬಿಲ್ಲಾಗಿ ಹೊಡೆಯುವುದು, ಮನೆಗೆ ಸಾಮಾನು ಮುಟ್ಟಿಸುವವರು ಹಣವನ್ನು ಮರುದಿನ ತರುವುದು, ನೀವು ಊಟಕ್ಕೆ ಎದ್ದಾಗ ಬೇರೆಯವರು ನಿಮ್ಮ ಲಾಗಿನ್‌ನಲ್ಲೇ ಬಿಲ್ ಮಾಡುವುದು. ಇವು ಕಳ್ಳತನವಲ್ಲ, ಆದರೆ ಪ್ರತಿಯೊಂದೂ ರಾತ್ರಿ ‘ಶಾರ್ಟ್’ ಆಗಿ ನಿಮ್ಮ ಹೆಸರಿಗೆ ಬರುತ್ತದೆ. ಮದ್ದು ಚೀಟಿ. ಗಲ್ಲಾದಿಂದ ಹೋಗುವ ಪ್ರತಿ ರೂಪಾಯಿಗೆ ಬದಲಾಗಿ ಅಷ್ಟೇ ಮೊತ್ತದ, ಸಮಯ ಮತ್ತು ಸಹಿ ಇರುವ ಚೀಟಿ ಒಳಗೆ ಬೀಳಬೇಕು, ಮಾಲೀಕರೇ ತೆಗೆದರೂ ಸರಿ. ಕೇಳಲು ಮುಜುಗರವಾದರೆ ನೀವೇ ಬರೆದು “ಸರ್, ಇಲ್ಲೊಂದು ಸಹಿ” ಎಂದು ಮುಂದಿಡಿ. ಊಟಕ್ಕೆ ಏಳುವಾಗ ಲಾಗಿನ್ ಮುಚ್ಚಿ, ಗಲ್ಲಾದ ಕೀಲಿ ತೆಗೆದುಕೊಂಡು ಹೋಗಿ. ಅದಾಗದಿದ್ದರೆ ಎಣಿಸಿ ಒಪ್ಪಿಸಿ, ಬಂದ ಮೇಲೆ ಎಣಿಸಿ ತೆಗೆದುಕೊಳ್ಳಿ.

ಕೈ ನಡುಗುತ್ತದೆ ಎಂದಿದ್ದೀರಿ. ಗಿರಾಕಿ ಕೊಟ್ಟ ನೋಟನ್ನು ತಕ್ಷಣ ಗಲ್ಲಾದೊಳಗೆ ಹಾಕಬೇಡಿ. ಕೌಂಟರ್ ಮೇಲೆ ನಿಮ್ಮ ಕಡೆಗೆ ಅಡ್ಡ ಇಟ್ಟು “ಐನೂರು ಕೊಟ್ಟಿದ್ದೀರಿ” ಎಂದು ಬಾಯಿಬಿಟ್ಟು ಹೇಳಿ. 312ರ ಬಿಲ್ಲಾದರೆ ಚಿಲ್ಲರೆಯನ್ನು ಬಿಲ್ಲಿನಿಂದ ಮೇಲಕ್ಕೆ ಎಣಿಸಿ: ಎಂಟು ಕೊಟ್ಟು “ಮುನ್ನೂರಿಪ್ಪತ್ತು”, ಎಂಬತ್ತು ಕೊಟ್ಟು “ನಾನೂರು”, ನೂರು ಕೊಟ್ಟು “ಐನೂರು”. ಅವರು ಚಿಲ್ಲರೆ ಕೈಗೆ ತೆಗೆದುಕೊಂಡ ಮೇಲೆಯೇ ಆ ನೋಟು ಒಳಗೆ ಹೋಗಲಿ. ಆಗ “ನಾನು ಐನೂರು ಕೊಟ್ಟಿದ್ದೆ, ನೀವು ಇನ್ನೂರು ಅಂತಿದ್ದೀರಿ” ಎಂಬ ಜಗಳ ಏಳುವುದಿಲ್ಲ, ನೋಟು ಇಬ್ಬರ ಕಣ್ಣೆದುರೇ ಇರುತ್ತದೆ. ಸಾಲಿನಲ್ಲಿರುವ ಎರಡನೆಯವರು ನೋಟು ಚಾಚಿದರೆ “ಒಂದು ನಿಮಿಷ ಅಣ್ಣ” ಎನ್ನಿ, ಮುಟ್ಟಬೇಡಿ. ನಡುಕ ನಿಲ್ಲಲೆಂದು ಕಾಯಬೇಡಿ. ನಡುಗುವ ಕೈಯಿಂದಲೂ ಮಾಡಬಹುದಾದ ಪದ್ಧತಿ ಇದು.

ನಿಮ್ಮ ದುಡ್ಡನ್ನು ಗಲ್ಲಾಕ್ಕೆ ಹಾಕುವುದನ್ನು ಇವತ್ತೇ ನಿಲ್ಲಿಸಿ. ಅದು ತಪ್ಪನ್ನು ಮುಚ್ಚುತ್ತದೆ, ಕಾರಣ ಹಾಗೇ ಉಳಿಯುತ್ತದೆ. ಆ ದಿನದ ವ್ಯತ್ಯಾಸ 180 ಆಗಿದ್ದು, ನೀವು ನೂರು ಹಾಕಿ 80 ಮಾಡಿದರೆ ಮೇಲೆ ಹೇಳಿದ ಸುಳಿವೂ ಅಳಿದುಹೋಯಿತು. ಹೆಚ್ಚು ಬಂದ ದಿನವೂ ಅಷ್ಟೇ. ನಲವತ್ತು ಹೆಚ್ಚು ಬಂದರೆ ‘ನಾಳೆ ಕಡಿಮೆ ಬಿದ್ದರೆ ಇರಲಿ’ ಎಂದು ಪಕ್ಕಕ್ಕಿಡಬೇಡಿ. ಹಾಳೆಯಲ್ಲಿ ‘ಹೆಚ್ಚು 40’ ಎಂದು ಬರೆದು ಒಪ್ಪಿಸಿ. ಅದು ಯಾವನೋ ಗಿರಾಕಿಗೆ ಕಡಿಮೆ ಕೊಟ್ಟ ಚಿಲ್ಲರೆಯಾಗಿರಬಹುದು, ಅವರು ತಿರುಗಿ ಬಂದರೆ ಕೊಡಲು ದಾಖಲೆ ಬೇಕು. ಹೆಚ್ಚು ಬಂದದ್ದನ್ನೂ ಬರೆದವರು ಕಡಿಮೆ ಬಂದದ್ದರ ಬಗ್ಗೆ ಮಾತಾಡಿದಾಗ ಅವರ ಮಾತಿಗೆ ತೂಕವಿರುತ್ತದೆ. ನಿಮಗೆ ನಿಮ್ಮ ಮೇಲೆ ನಂಬಿಕೆ ಮೂಡುವುದೂ ಇಂಥ ಕಡೆಯೇ.

ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಮೂರು ಅಂಕಣ ಹಾಕಿಕೊಳ್ಳಿ: ನನ್ನಿಂದ ಆದದ್ದು, ಪದ್ಧತಿಯಿಂದ ಆದದ್ದು, ಗೊತ್ತಾಗದ್ದು. ಕಾರಣ ಸಿಕ್ಕ ವ್ಯತ್ಯಾಸ ಮಾತ್ರ ಮೊದಲೆರಡಕ್ಕೆ ಹೋಗಲಿ. ಸಿಗದ್ದು ಮೂರನೆಯದರಲ್ಲೇ ಇರಲಿ. ಎಳೆದು ತಂದು ಮೊದಲನೆಯದಕ್ಕೆ ಹಾಕುವ ಚಾಳಿ ನಿಮಗಿದೆ, ಪತ್ರದ ಪ್ರತಿ ಸಾಲೂ ಅದನ್ನು ಹೇಳುತ್ತದೆ. ನಿಮ್ಮಿಂದಲೇ ಆದದ್ದಾದರೆ ಒಂದೇ ಸಲ, ಪೂರ್ತಿ ಹೇಳಿ: “ಸರ್, ಬಿಲ್ ನಂಬರ್ 214ರಲ್ಲಿ ಯುಪಿಐ ಬದಲು ನಗದು ಒತ್ತಿದೀನಿ, 365 ರೂಪಾಯಿ. ಇನ್ಮೇಲೆ ಬಾಕ್ಸ್ ಕೂಗಿದ ಮೇಲೇ ಒತ್ತುತೀನಿ.” ಮೊತ್ತ, ಕಾರಣ, ಮುಂದಿನ ಕ್ರಮ. “ನಾನು ದಡ್ಡಿ ಸರ್, ನಂಗೆ ತಲೆನೇ ಇಲ್ಲ” ಎಂಬುದು ಇದರಲ್ಲಿ ಬರಬಾರದು. ಅದರಿಂದ ಲೆಕ್ಕಕ್ಕೂ ಉಪಯೋಗವಿಲ್ಲ, ಮುಂದಿನ ಸಲ ಕೂಗುವವರಿಗೆ ನೀವೇ ಮಾತು ಕೊಟ್ಟಂತಾಗುತ್ತದೆ.

ಮಾಲೀಕರ ಬಳಿ ಈ ಪದ್ಧತಿಯ ಪ್ರಸ್ತಾಪ ಯಾವಾಗ ಎತ್ತಬೇಕು? ಕೂಗುತ್ತಿರುವಾಗ ಖಂಡಿತ ಬೇಡ. ಗಿರಾಕಿ ಕಡಿಮೆಯಿರುವ ಮಧ್ಯಾಹ್ನ ಮೂರರ ಹೊತ್ತು ಒಳ್ಳೆಯದು. “ಸರ್, ರಾತ್ರಿ ಗಲ್ಲಾ ಎಣಿಸುವಾಗ ನಾನೂ ಇರ್ತೀನಿ. ಇಬ್ಬರೂ ಸಹಿ ಮಾಡೋಣ. ಕಡಿಮೆ ಬಂದ್ರೆ ಆವಾಗಲೇ ಹುಡುಕಬಹುದು.” ಇದರಲ್ಲಿ ದೂರಿಲ್ಲ, ಅವರಿಗೂ ಲಾಭವಿದೆ. ದಿನಸಿಯಲ್ಲಿ ಉಳಿಯುವುದೇ ಕಡಿಮೆ, ಸೋರಿಕೆ ಎಲ್ಲೆಂದು ತಿಳಿಯದೆ ಅವರಿಗೂ ನಿದ್ದೆಯಿರಲಾರದು. ರಾತ್ರಿ ಬಸ್ಸಿನ ಸಮಯ ಅಡ್ಡ ಬಂದರೆ ಹೊರಡುವ ಇಪ್ಪತ್ತು ನಿಮಿಷ ಮೊದಲು ಕೌಂಟರ್ ಮುಚ್ಚಲು ಕೇಳಿ. ಒಪ್ಪದಿದ್ದರೂ ನೀವೊಬ್ಬರೇ ಎಣಿಸಿ ಬರೆದು, ಹಾಳೆಯ ಫೋಟೋವನ್ನು ಅವರ ವಾಟ್ಸ್‌ಆಪ್‌ಗೆ ಕಳಿಸಿ ಹೊರಡಿ. ಸಮಯ ತಾನಾಗಿಯೇ ದಾಖಲಾಗುತ್ತದೆ. ಗಿರಾಕಿಗಳೆದುರು ಕೂಗಿದಾಗ ಒಂದೇ ಮಾತು ಸಾಕು: “ಲೆಕ್ಕ ತೋರಿಸ್ತೀನಿ ಸರ್, ಒಳಗೆ ಕೂತು ನೋಡೋಣ.” ಧ್ವನಿ ಏರಿಸದೆ ಅದನ್ನೇ ಎರಡನೆಯ ಸಲವೂ ಹೇಳಿ. ಅತ್ತರೂ ಪರವಾಗಿಲ್ಲ, ಅಳುತ್ತಲೇ ಹಾಳೆ ಮುಂದಿಡಬಹುದು.

ಪೊಲೀಸರ ಮಾತಿನ ಬಗ್ಗೆ. ಎಣಿಕೆಯಲ್ಲಿ ಕಡಿಮೆ ಬಂದ ಮಾತ್ರಕ್ಕೆ ಕಳ್ಳತನವಾಗುವುದಿಲ್ಲ. ಕಳ್ಳತನಕ್ಕೆ ಅಪ್ರಾಮಾಣಿಕ ಉದ್ದೇಶ ಬೇಕು. ಆದರೆ ಬೆದರಿ ಖಾಲಿ ಕಾಗದಕ್ಕಾಗಲಿ, “ಹಣ ತೆಗೆದಿದ್ದೇನೆ” ಎಂಬ ಬರಹಕ್ಕಾಗಲಿ ಸಹಿ ಹಾಕಬೇಡಿ. ಬರೆದುಕೊಡಲೇಬೇಕು ಎಂದರೆ “ಈ ದಿನದ ಎಣಿಕೆಯಲ್ಲಿ 180 ರೂ. ಕಡಿಮೆ ಬಂದಿದೆ, ಕಾರಣ ತಿಳಿದಿಲ್ಲ” ಎಂದಷ್ಟೇ ಬರೆದು ದಿನಾಂಕ ಹಾಕಿ, ಫೋಟೋ ತೆಗೆದುಕೊಳ್ಳಿ.

ಸಂಬಳ ಕಡಿತಕ್ಕೂ ನಿಯಮವಿದೆ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ 2019ರ ವೇತನ ಸಂಹಿತೆಯ ಪ್ರಕಾರ, ನೌಕರರು ಲೆಕ್ಕ ಕೊಡಬೇಕಾದ ಹಣ ನಷ್ಟವಾದರೆ, ಆ ನಷ್ಟ ನೇರವಾಗಿ ಅವರ ನಿರ್ಲಕ್ಷ್ಯ ಅಥವಾ ತಪ್ಪಿನಿಂದ ಆಗಿದ್ದರೆ ಮಾತ್ರ ಕಡಿಯಬಹುದು. ಕಡಿಯುವ ಮೊದಲು ಅವರಿಗೆ ಕಾರಣ ಹೇಳಲು ಅವಕಾಶ ಕೊಡಬೇಕು. ನಷ್ಟದ ಮೊತ್ತಕ್ಕಿಂತ ಹೆಚ್ಚು ಕಡಿಯುವಂತಿಲ್ಲ. 1936ರ ವೇತನ ಪಾವತಿ ಕಾಯ್ದೆಯಲ್ಲೂ ಇದೇ ತತ್ವವಿತ್ತು. ಹಾಗಾಗಿ ಆ 2,340 ರೂಪಾಯಿಗೆ ದಿನಾಂಕವಾರು ಪಟ್ಟಿ ಕೇಳಿ, ಅದೂ ಬರಹದಲ್ಲಿ. ಪಟ್ಟಿ ಬಂದರೆ ಆ ದಿನಗಳ ಯುಪಿಐ ವಿವರದ ಜೊತೆ ಹೋಲಿಸಿ. ಬಾರದಿದ್ದರೆ ಹಿರಿಯ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಅರ್ಜಿ ಕೊಡಬಹುದು. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿನ ಹಕ್ಕಿದೆ. ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ.

ಇನ್ನು ಆ ಹುಡುಗನ ವಿಷಯ. ನಿಮ್ಮ ಪತ್ರದಲ್ಲಿ ಅವನ ಬಗ್ಗೆ ಇರುವುದು ಎರಡೇ ಸಾಲು, ಆದರೆ ನಮ್ಮನ್ನು ಹೆಚ್ಚು ಕಾಡಿದ್ದು ಅದೇ. ಯಾವ ಸಾಕ್ಷಿಯೂ ಇಲ್ಲದೆ ಮಾಲೀಕರು ನಿಮಗೆ ಮಾಡಿದ್ದನ್ನು ನೀವು ನಿಮಗಿಂತ ಕೆಳಗಿನವನಿಗೆ ಮಾಡಿದಿರಿ, ಅದೂ ಎಲ್ಲರೆದುರು. ಅವನು ಗಲ್ಲಾ ಮುಟ್ಟುತ್ತಾನೋ ಇಲ್ಲವೋ ಎಂದೂ ನೀವು ಬರೆದಿಲ್ಲ. ಎಲ್ಲರೆದುರು ಬೈದದ್ದಕ್ಕೆ ಎಲ್ಲರೆದುರೇ ಹೇಳಿ: “ತಮ್ಮಾ, ಅವತ್ತು ನೋಡದೆ ನಿನ್ನ ಮೇಲೆ ಹಾಕಿದೆ, ನನ್ನ ತಪ್ಪು.” ಮುಂದೆ ಅವನು ಮನೆಗಳಿಂದ ಹಣ ತಂದಾಗ ಅವನೆದುರೇ ಎಣಿಸಿ, ಚೀಟಿ ಬರೆದು ಅವನಿಗೊಂದು ಕೊಡಿ. ಮಾಲೀಕರಿಂದ ನೀವು ಕೇಳುತ್ತಿರುವುದು ಇದನ್ನೇ ತಾನೆ. ಅವನಿಗೆ ಕೊಟ್ಟು ರೂಢಿಯಾದರೆ ಮೇಲಿನವರ ಹತ್ತಿರ ಕೇಳುವಾಗ ನಾಲಿಗೆ ತಡವರಿಸುವುದಿಲ್ಲ.

ಕೆಲಸ ಬಿಡಲೇ ಎಂದೂ ಕೇಳಿದ್ದೀರಿ. ಒಂದು ತಿಂಗಳು ಹಾಳೆ ಬರೆಯಿರಿ. ಸಹಿ ಹಾಕಲು ಮಾಲೀಕರು ಒಪ್ಪಿ, ಕೂಗಾಟ ಕಡಿಮೆಯಾದರೆ ಅಲ್ಲೇ ಇರಿ. ಲೆಕ್ಕ ಸರಿಯಿದ್ದರೂ ಕಡಿತ ಮುಂದುವರಿದರೆ ಬೇರೆ ಕಡೆ ನೋಡಿಕೊಳ್ಳಿ. ದಾವಣಗೆರೆಯಂಥ ವ್ಯಾಪಾರದ ಊರಿನಲ್ಲಿ ಗಲ್ಲಾ ಲೆಕ್ಕ ಬರೆಯಲು ಬರುವವರಿಗೆ ಕೆಲಸ ಸಿಗುತ್ತದೆ. ಬಿಡುವುದಾದರೆ ರಾಜೀನಾಮೆ ಬರಹದಲ್ಲಿ ಕೊಡಿ, ಕೊನೆಯ ದಿನದ ಎಣಿಕೆಗೆ ಸಹಿ ಪಡೆದು ಪ್ರತಿ ಇಟ್ಟುಕೊಳ್ಳಿ. ವೇತನ ಸಂಹಿತೆಯ ಪ್ರಕಾರ ಬಾಕಿ ಸಂಬಳ ಎರಡು ಕೆಲಸದ ದಿನಗಳೊಳಗೆ ನಿಮ್ಮ ಕೈಗೆ ಬರಬೇಕು.

– ಸಂಪಾದಕರು